ಹುಳ ಎದ್ದಿವೆ, ನಿದ್ದೆ ಇಲ್ಲ

ಮನಸ್ಸಿನ ಕಾಯಿಲೆಯನ್ನು ಗುಟ್ಟಾಗಿಡಲು ಜನ ಪಡುವ ಪಾಡು ನೋಡಿದರೆ, ಕಾಯಿಲೆಗಿಂತ ಗುಟ್ಟೇ ಹೆಚ್ಚು ಸುಸ್ತು ಮಾಡುತ್ತದೆ ಅನ್ನಿಸುತ್ತದೆ. ನನ್ನ ಕೆಲಸದಲ್ಲಿ ಇದು ದಿನವೂ ನಡೆಯುವ ನಾಟಕ. ನಾನು ಆಪ್ತಸಮಾಲೋಚಕ, ವಾರದ ಒಂದೊಂದು ದಿನ ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂರುತ್ತೇನೆ. ನನಗೆ ಮಾತು ಕಡಿಮೆ. ಕೇಳುವ ಕೆಲಸಕ್ಕೆ ಅದೇ ಅರ್ಹತೆ ಎಂದುಕೊಂಡಿದ್ದೆ. ನನ್ನ ಹತ್ತಿರ ಬಂದಿದ್ದ ಒಬ್ಬರು ಹೋಗಿ ಡಾಕ್ಟರಿಗೆ ದೂರು ಕೊಟ್ಟರು: “ಎಲ್ಲಾ ನಾವೇ ಹೇಳ್ಬೇಕು. ಆ ಸಾರ್‌ಗೆ ಏನೂ ಗೊತ್ತಿಲ್ಲ.”

ಎದ್ದು ಬನ್ನಿ

ಕೆಂಗಲ್ ಕಡೆಯ ಕೇಂದ್ರದಲ್ಲಿ ನನ್ನ ಮೊದಲ ದಿನ. ಹಾಲ್ ತುಂಬ ಜನ. ನರ್ಸಮ್ಮ ಒಳ್ಳೆಯವರು, ಗಂಟಲು ದೊಡ್ಡದು.

“ಬಿ.ಪಿ., ಶುಗರ್‌ನೋರು ಇಲ್ಲೇ ಕೂತ್ಕಳಿ. ತಲೆ ಕೆಟ್ಟಿರೋರು ಮಾತ್ರ ಎದ್ದು ಆ ರೂಮಿಗೆ ಹೋಗಿ.”

ಎಲ್ಲರೂ ಒಟ್ಟಿಗೆ ಫ್ಯಾನು ನೋಡತೊಡಗಿದರು. ಫ್ಯಾನು ತಿರುಗುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ರೇಷ್ಮೆ ಬೆಳೆಗಾರ ಅರ್ಧ ಎದ್ದ. ಇಡೀ ಹಾಲ್ ತಿರುಗಿ ಅವನನ್ನು ನೋಡಿತು.

“ಚಪ್ಲಿ ಎಲ್ಲಿ ಬುಟ್ಟೆ ಅಂತ ನೋಡ್ದೆ,” ಎಂದು ಕೂತುಬಿಟ್ಟ.

ಜನ ಖಾಲಿಯಾದ ಮೇಲೆ ಒಳಗೆ ಬಂದು ಬಾಗಿಲು ಹಾಕಿಕೊಂಡ.

“ನಿದ್ದೆ ಇಲ್ಲ ಸಾ. ಎದೆ ಡವಡವ ಅಂತದೆ. ಆದ್ರೆ ಯಾರ್ಗೂ ಗೊತ್ತಾಗ್ಬಾರ್ದು. ಮಗಳಿಗೆ ಕನಕಪುರದ ಕಡೆಯಿಂದ ಗಂಡು ಬಂದೈತೆ. ಅಪ್ಪನ ತಲೆ ಸರಿ ಇಲ್ಲ ಅಂದ್ರೆ ಅವ್ರು ಬುಟ್ಟೋಯ್ತಾರೆ.”

ನಾನು ಯಾರಿಗೂ ಹೇಳುವುದಿಲ್ಲ ಎಂದೆ.

“ಗೊತ್ತು ಬುಡಿ ಸಾ. ಆಗ್ಲಿಂದ ನೋಡ್ತಾ ಇವ್ನಿ, ನೀವು ನಂಗೇ ಏನೂ ಹೇಳ್ತಿಲ್ಲ.”

ಸೊಸೆಗೆ ಬೇಜಾರು

ನಮ್ಮಲ್ಲಿ ಆಸ್ಪತ್ರೆಗೆ ಯಾರೂ ಒಬ್ಬರೇ ಬರುವುದಿಲ್ಲ. ಕಾಯಿಲೆ ಒಬ್ಬರದು, ಹೇಳುವವರು ಇನ್ನೊಬ್ಬರು. ಹೀಗೆ ಒಬ್ಬ ಅತ್ತೆ ಸೊಸೆಯನ್ನು ಕರೆತಂದರು.

“ಊಟ ಸೇರುತ್ತಾ ಅಮ್ಮಾ?” ಎಂದು ಸೊಸೆಯನ್ನು ಕೇಳಿದೆ.

“ಎಲ್ಲಿ ಸೇರ್ತದೆ? ಅವ್ಳು ಮಾಡಿದ್ದು ಯಾರಿಗ್ ಸೇರ್ತದೆ?” ಎಂದರು ಅತ್ತೆ.

“ಅಳು ಬರುತ್ತಾ?”

“ಬತ್ತದೆ ಸಾ. ಅವ್ಳ ಮುಖ ನೋಡಿದ್ರೆ ನಂಗೆ ಬತ್ತದೆ.”

ಅತ್ತೆಯನ್ನು ಹೊರಗೆ ಕೂರಿಸಿದೆ. ಕಿಟಕಿಯಿಂದ ಉತ್ತರ ಬರತೊಡಗಿತು. ಕಿಟಕಿ ಮುಚ್ಚಿದ ಮೇಲೆ ಸೊಸೆ ನಿಧಾನವಾಗಿ ಮಾತಾಡಿದಳು, ಹಗುರಾದಳು.

ಮುಂದಿನ ವಾರ ಅತ್ತೆ ಒಬ್ಬರೇ ಬಂದು ಕೂತರು.

“ಸೊಸೆ ಬರಲಿಲ್ಲವಾ?”

“ಅವ್ಳನ್ನ ಬುಟ್ಟು ಬಂದೆ. ಅವ್ಳು ಮಧ್ಯೆ ಬಾಯಿ ಹಾಕ್ತಾಳೆ.”

ಸೀರೆಯಾದ ಹುಳ

ರೇಷ್ಮೆಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಕಳೆದು ಎದ್ದ ಹುಳ ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಸಾಕುವವನಿಗೆ ನಿದ್ದೆ ಇರುವುದಿಲ್ಲ. ಕೆಲವೇ ದಿನ, ಆಮೇಲೆ ಗೂಡು ಕಟ್ಟುತ್ತದೆ. ನಮ್ಮ ಬೆಳೆಗಾರ ತನ್ನ ಕೆಂಪು ಕಣ್ಣಿಗೆ ಈ ಕಾರಣವನ್ನೇ ಹಿಡಿದುಕೊಂಡಿದ್ದ.

ಹಾಲಿನ ಡೇರಿಯಲ್ಲಿ ಸ್ನೇಹಿತ ಕೇಳುತ್ತಿದ್ದ: “ಏನ್ಲಾ, ನಿದ್ದೆ ಇಲ್ವಾ?”

“ಹುಳ ನಾಲ್ಕನೇ ಜ್ವರ ಎದ್ದವೆ ಕಣ್ಲಾ.”

ಈ ಉತ್ತರ ಬಹಳ ಕಾಲ ನಡೆಯಿತು. ಒಂದು ದಿನ ಸ್ನೇಹಿತ ಕ್ಯಾನು ಕೆಳಗಿಟ್ಟ.

“ಲೇ, ಅದ್ಯಾವ ತಳೀಲಾ ನಿಂದು? ಜೊತೇಲಿ ಮೇಯ್ಸಿದ ನಮ್ಮ ಹುಳ ಗೂಡಾಗಿ, ಮಾರ್ಕೆಟ್‌ಗೆ ಹೋಗಿ, ಸೀರೇನೇ ಆಗೋಗವೆ. ನಿನ್ನವಿನ್ನೂ ಉಣ್ತಾ ಕೂತವಾ?”

ನಮ್ಮ ಬೆಳೆಗಾರನಿಗೆ ನಾನು ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದೆ. ಮನೆಯಲ್ಲಿ ಮಾಡಿದರೆ ಗೊತ್ತಾಗುತ್ತದೆಂದು ಖಾಲಿ ಬಿದ್ದಿದ್ದ ಹುಳದ ಮನೆಗೆ ಹೋಗಿ, ಬಾಗಿಲು ಹಾಕಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಹೆಂಡತಿ ಹೊರಗೆ ನಿಂತು ಕೇಳಿದಳಂತೆ: “ಹುಳ ಇಲ್ಲ, ಸೊಪ್ಪಿಲ್ಲ. ಬುಸ್ ಬುಸ್ ಅಂತದೆ. ಅದೇನ್ ಸಾಕ್ಕಂಡಿದೀಯ ಒಳಗೆ?”

ತೆಂಗಿನ ಸಸಿ

“ಊರೆಲ್ಲ ವಾಸನೆ ಹಿಡೀತಾ ಐತೆ ಸಾ. ಗಂಡಿನ ಕಡೆಗೆ ಮುಟ್ಟೋಕೆ ಒಸಿ ದಿನ ಸಾಕು. ಬೇರೆ ತಾಲೂಕು ತೋರ್ಸಿ,” ಎಂದ ಬೆಳೆಗಾರ. ಗುರುವಾರ ನಾನು ಸೋಲೂರು ಕಡೆ ಕೂರುತ್ತೇನೆ, ಅಲ್ಲಿಗೆ ಬಾ ಎಂದೆ. ಅಲ್ಲಿ ಅವನಿಗೆ ನೆಂಟರೂ ಇಲ್ಲ, ಪರಿಚಯದವರೂ ಇಲ್ಲ.

ಮಟಮಟ ಬಿಸಿಲಿನಲ್ಲಿ ಮಫ್ಲರು, ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಬೆಂಚಿನ ಆ ತುದಿಯಲ್ಲಿ ನನ್ನ ಹಳೆಯ ರೋಗಿಯೊಬ್ಬರು ಮಂಕಿಕ್ಯಾಪಿನಲ್ಲಿ ಕೂತಿದ್ದರು. ಅವರೂ ದೂರದ ಊರಿನವರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಲ್ಲಾದರು.

“ಏನ್ ಬೀಗ್ರು ಈ ಕಡೆ?” ಎಂದರು ಮಂಕಿಕ್ಯಾಪಿನವರು. ಅವರು ಹುಡುಗನ ಅಪ್ಪ ಎಂದು ನನಗೂ ಆಗಲೇ ಗೊತ್ತಾದದ್ದು.

“ತೆಂಗಿನ ಸಸಿ ನೋಡಕ್ ಬಂದೆ. ತಾವು?”

“ನಾನೂ ಸಸಿಗೇ.”

ನಮ್ಮವನು ನೆಲ ನೋಡುತ್ತ ಕೂತ. ಮಗಳ ಸಂಬಂಧ ಎದ್ದು ಹೋಗುವುದನ್ನು ಕಾಯುವವನ ಹಾಗಿತ್ತು ಮುಖ. ಯಾರು ಮೊದಲು ಬರುತ್ತೀರಿ ಎಂದು ನಾನು ಕೇಳಬೇಕಾಯಿತು.

ಹುಡುಗನ ಅಪ್ಪ ಕ್ಯಾಪು ತೆಗೆದು ಮಡಚಿಟ್ಟುಕೊಂಡರು. “ಬೀಗ್ರೆ, ನೀವು ಹೋಗ್ಬನ್ನಿ. ನಾನು ಇಲ್ಲಿ ಹಳೇ ಗಿರಾಕಿ. ನಂದು ಒಸಿ ಹೊತ್ತಾಯ್ತದೆ.”

ನಮ್ಮವನು ಒಳಗೆ ಬಂದು ನಕ್ಕ, ಅತ್ತ, ಮತ್ತೆ ನಕ್ಕ. ಆಮೇಲೆ ಬೀಗರಿಬ್ಬರೂ ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಬೆಂಚಿನ ಮೇಲೆ ಹರಡಿಕೊಂಡು ಕೂತರು.

“ನಿಮ್ಗೆ ಬಿಳೀದಾ? ನಂಗೂ ಶುರುವಲ್ಲಿ ಬಿಳೀದೇ.”

ಲಗ್ನವನ್ನೂ ಅಲ್ಲೇ ನಿಶ್ಚಯಿಸಿದರು. ಗುರುವಾರ ಬೇಡ ಎಂಬುದೊಂದೇ ಇಬ್ಬರ ಷರತ್ತು.

ಮದುವೆಗೆ ನನ್ನನ್ನೂ ಕರೆದರು, ಬಾಯಿ ಬಿಡಬಾರದೆಂದು ಹೇಳಿ. ಊಟಕ್ಕೆ ಕೂತಾಗ ಬಡಿಸುವವನು ನಾನು ಯಾರ ಕಡೆಯವನೆಂದು ವಿಚಾರಿಸಿದ. ಬೀಗರಿಬ್ಬರೂ ಒಟ್ಟಿಗೆ ಓಡಿಬಂದರು. “ಇವ್ರು ಸೋಲೂರಲ್ಲಿ ತೆಂಗಿನ ಸಸಿ ಕೊಡೋ ಸಾರು.”

ಪಂಕ್ತಿಯಲ್ಲಿ ಅರ್ಧ ಜನ ಎಲೆಯಿಂದ ತಲೆ ಎತ್ತಲಿಲ್ಲ. ಒಬ್ಬ ಹಿರಿಯರು ಮಾತ್ರ ಮೆಲ್ಲಗೆ, “ಗೊತ್ತು, ನಾವೂ ಇವರತ್ರಾನೇ ತಗಳೋದು,” ಎಂದರು.

“ನಾನೂವೆ,” ಎಂದ ಪಕ್ಕದವನು.

ಎದುರು ಸಾಲಿನಿಂದ ಇನ್ನೊಬ್ಬರು ಅನ್ನ ಕಲಸುತ್ತಲೇ ಹೇಳಿದರು: “ಒಳ್ಳೆ ಸಸಿ. ತಗಂಡಾಗ್ಲಿಂದ ನಿದ್ದೆ ಚೆನ್ನಾಗಿ ಬತ್ತದೆ.”