ಕಳೆಗೆ ಬಿಸಿಲು, ಹಾಳೆಗೆ ಸಂಡಿಗೆ

ತುಳಸಿಬಾಯಿಯ ಬೆನ್ನುನೋವಿಗೆ ಅಂಗಳದ ಕಳೆಯೇ ಕಾರಣ ಎಂದು ಗಂಡ ಲಕ್ಷ್ಮಿಕಾಂತರಾಯರು ತೀರ್ಪು ಕೊಟ್ಟುಬಿಟ್ಟಿದ್ದರು. ದಿನಾ ಬೆಳಿಗ್ಗೆ ಆಕೆ ಹೂವಿನ ಪಾತಿಯಲ್ಲಿ ಬಗ್ಗಿ ಕಳೆ ಕೀಳುವುದು, ಕಟ್ಟೆಯ ಮೇಲಿನ ರಾಯರು ಪೇಪರು ಮಡಚಿಟ್ಟು "ಸಾಕು ಬಿಡು, ಬೆನ್ನು ನೋಯ್ತದ" ಅನ್ನುವುದು, "ತಡೀರಿ, ಇನ್ನೊಂದೀಟು ಅದ" ಎಂದು ಆಕೆ ಮತ್ತೆ ಬಗ್ಗುವುದು. ಆದೋನಿಯ ಆ ಓಣಿಯಲ್ಲಿ ಹಾಲಿನವನು ತಪ್ಪಿದರೂ ಇದು ತಪ್ಪುತ್ತಿರಲಿಲ್ಲ.

ಔಷಧ ಹೊಡೆಯೋಣವೆಂದರೆ, "ವಿಷ ಕುಡಿದ ಮಣ್ಣಿನ ಹೂವು ದೇವರ ತಲಿ ಮ್ಯಾಲೆ ಇಡ್ಲ್ಯಾ?" ಎಂದಿದ್ದಳು. ಅದಕ್ಕೇ ರಾಯರು ಅಂದು ಬೆಳಕು ಹರಿಯುವಷ್ಟರಲ್ಲಿ, ಬೇಸಿಗೆಗೆ ಹೂಗಿಡ ಒಣಗಿ ಖಾಲಿಯಾಗಿದ್ದ ಪಾತಿಗೆ ನೀರುಣಿಸಿ, ತಿಳಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮೆತ್ತಿದ್ದರು.

"ಆರು ವಾರ ಹಿಂಗೇ ಬಿಡೋದು. ನಮ್ಮೂರ ಬಿಸಲಿಗೆ ಕಸ ಬೀಜದ ಸಮೇತ ಬೇಯ್ತದ, ಇಡ್ಲಿ ಬೆಂದ್ಹಂಗ! ಇನ್ನ ನೀ ಬಗ್ಗೋದೇ ಬ್ಯಾಡ."

ತುಳಸಿಬಾಯಿ ಹಾಳೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. "ಛಲೋ ಆತು" ಎಂದು ಫೋನು ಹಿಡಿದುಕೊಂಡು, ತಂಗಿಯ ಮೊಮ್ಮಗುವಿನ ಹೆಸರಿಡುವುದಕ್ಕೆ ಕೌತಾಳಂ ಬಸ್ಸು ಹತ್ತಿದಳು.

ಬಸ್ಸು ಊರು ದಾಟಿತ್ತೋ ಇಲ್ಲವೋ, ಎದುರುಮನೆಯ ಗುರುಬಸಮ್ಮ ಹಿಟ್ಟಿನ ಪಾತ್ರೆ ಹೊತ್ತು ಗೇಟು ತೆಗೆದಳು.

"ಅಣ್ಣಾರ, ಎಷ್ಟ್ ಛಂದ ಹಾಳಿ ಹಾಸೀರಿ! ನಮ್ಮ ಮಾಳಿಗಿ ಮ್ಯಾಲ ಮಂಗ್ಯಾನ ಕಾಟ ಐತ್ರಿ. ಒಂದೀಟು ಸಂಡಿಗಿ ಬಿಡ್ತೀನಿ."

"ಅದು ಸಂಡಿಗಿಗಲ್ಲ ಗುರುಬಸಮ್ಮಾ, ಕಸಕ್ಕ..."

"ಕಸ ಎಲ್ಲೈತ್ರಿ? ಕನ್ನಡಿ ಆಗೇತಿ!" ಎನ್ನುವಷ್ಟರಲ್ಲಿ ಮೊದಲ ಸಂಡಿಗೆ ಹಾಳೆಯ ಮೇಲೆ ಬಿತ್ತು.

ಬೆನ್ನಿಗೇ ಪಕ್ಕದ ಮನೆಯ ಬಸವಕ್ಕ ಬಂದಳು. "ಸಾರ್, ನಮ್ಮ ವಡಿಯಾಲೂ ಹಾಕ್ತೀನಿ, ಪರ್ವಾಲೇದು ಕದಾ?" ಎಂದು ತನ್ನ ಸಂಡಿಗೆಗೂ ಅಡ್ಡಿಯಿಲ್ಲ ತಾನೇ ಎಂದು ತೆಲುಗು ಬೆರೆಸಿ ಕೇಳಿ, "ಪರ್ವಾಲೇದು ಬಿಡ್ರಿ" ಎಂದು ತಾನೇ ಉತ್ತರ ಕೊಟ್ಟುಕೊಂಡಳು. ಮೂಲೆಮನೆಯ ಪ್ರತಿಮಾ ಉಳಿದ ಜಾಗದಲ್ಲೆಲ್ಲ ಹಪ್ಪಳ ಹರವಿದಳು. ಹತ್ತು ಗಂಟೆಗೆ ಬಿಸಿಲು ಪಾತಿಗಿಳಿಯಬೇಕೆಂದರೆ, ಮದುವೆ ಪಂಕ್ತಿಯಲ್ಲಿ ತಡವಾಗಿ ಬಂದವನಂತೆ ಜಾಗ ಹುಡುಕಬೇಕಿತ್ತು.

"ಒಲಿ ಮ್ಯಾಲ ಅನ್ನ ಐತಿ ಅಣ್ಣಾರ. ಕಾಗಿ ನೋಡ್ಕೋರಿ" ಎಂದು ಮೂವರೂ ಹೊರಟುಹೋದರು.

ಪರರ ಸಂಡಿಗೆ ಬಿಟ್ಟು ಏಳುವ ಧೈರ್ಯ ಯಾರಿಗಿದೆ? ರಾಯರು ಛತ್ರಿ ಬಿಚ್ಚಿಕೊಂಡು ಕೂತರು. ಕಾಗೆ ಬಂತು. ಛತ್ರಿ ಮಡಚಿ ಎಸೆದರು. ಕಾಗೆ ಸಂಡಿಗೆಯೊಂದಿಗೆ ಪಾರಾಯಿತು. ಛತ್ರಿಯ ಮೊನೆ ಹಾಳೆಗೆ ನಾಟಿತು. ಆ ಗಲಾಟೆಯಲ್ಲಿ ಓಣಿಯ ಆಡೊಂದು ಹಪ್ಪಳಕ್ಕೆ ಬಾಯಿ ಹಾಕಿತು. ಓಡಿಸಲು ಹೋದರೆ ಆಡು ಹಾಳೆಯ ಅಡ್ಡಕ್ಕೆ ಓಡಿತು, ರಾಯರು ಉದ್ದಕ್ಕೆ ಓಡಿದರು. ಹಾಳೆ ನಾಲ್ಕು ಭಾಗವಾಯಿತು. ಚೆಲ್ಲಾಪಿಲ್ಲಿಯಾದ ಸಂಡಿಗೆಯನ್ನು ಬಗ್ಗಿ ಬಗ್ಗಿ ಆರಿಸುವಾಗ ಅವರ ಬೆನ್ನು "ಕಟ್" ಎಂದಿತು.

ಸಂಜೆ ತುಳಸಿಬಾಯಿ ಬಂದಾಗ ರಾಯರು ಕಟ್ಟೆಯ ಮೇಲೆ ಬೋರಲಾಗಿ ಬಿದ್ದಿದ್ದರು.

"ನಿನ್ನ ಬೆನ್ನು ಉಳಸ್ಲಿಕ್ಕೆ ಹೋಗಿ ನನ್ನದು ಹೋತು. ಈ ಹೆಂಗಸರನ್ನ ಯಾರು ಕರದರೋ!"

ಆಕೆ ಎಣ್ಣೆ ಬಿಸಿ ಮಾಡಿ ತಂದು ತಿಕ್ಕತೊಡಗಿದಳು. "ನಾನೇ. ಬಸ್ಸಿನಾಗಿಂದ ಫೋನ್ ಮಾಡಿದ್ದೆ."

"ನೀನಾ? ಯಾಕ?"

ಆಕೆ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು. "ದಿನದಾಗ ನೀವು ಪೇಪರ್ ಮಡಚಿಟ್ಟು ನನ್ನ ಮಾತಾಡ್ಸೋದು ಅದೊಂದೇ ಹೊತ್ತು ರೀ. ಕಸ ಬೆಂದು ಹೋದರ, ಪೇಪರ್ ಯಾಕ ಇಳಸ್ತೀರಿ?"

ಎಣ್ಣೆ ಬಹಳ ಬಿಸಿಯಿತ್ತು ಅನ್ನುವ ನೆಪದಲ್ಲಿ ರಾಯರು ಕಣ್ಣೊರೆಸಿಕೊಂಡರು.

ಮರುದಿನ ಬೆಳಿಗ್ಗೆ ಅವರು ಹರಿದ ಹಾಳೆ ಸುತ್ತಿಟ್ಟು, ಸೊಂಟಕ್ಕೆ ಪಂಚೆ ಬಿಗಿದು, ತಾವೇ ಪಾತಿಗಿಳಿದರು. "ಇವತ್ತು ಪೇಪರ್ ನೀನು ಓದು" ಎಂದು ಹೆಂಡತಿಯನ್ನು ಕಟ್ಟೆಯ ಮೇಲೆ ಕೂರಿಸಿದರು. ಒಂದು ಸಾಲು ಕಿತ್ತರು, ಎರಡು ಸಾಲು ಕಿತ್ತರು. "ಸಾಕು ಬಿಡ್ರಿ" ಎಂಬ ಮಾತು ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಿವಿಗೊಟ್ಟರು. ಬರಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ತಾವೇ ಕೂಗಿದರು.

"ಏ ಇಕಿನ, ಬೆನ್ನು ನೋಯ್ಲಿಕ್ಕತ್ತದ!"

ಪೇಪರಿನ ಹಿಂದಿನಿಂದ ದನಿ ಬಂತು: "ತಡೀರಿ, ಇನ್ನೊಂದೀಟು ಅದ."