ದುಡ್ಡು ಕೊಟ್ಟು ತಂದ ಗೀರುಗಳು

ಮೋಸ ಹೋದವನ ಮೇಲೆ ಜನಕ್ಕೆ ಕನಿಕರ ಇರುತ್ತದೆ. ಆದರೆ ಕಣ್ಣು ಬಿಟ್ಟುಕೊಂಡು, ಎಲ್ಲ ತಿಳಿದು, ಬಿಲ್ಲಿನ ಮೇಲೊಂದು ಸಹಿಯನ್ನೂ ಹಾಕಿ ಮೋಸ ಹೋದವನು ಯಾರ ಮುಂದೆ ಅಳಬೇಕು? ಪೊಲೀಸರ ಹತ್ತಿರ ಹೋದರೆ ಚಹಾ ಕುಡಿಸಿ, ನಕ್ಕು ಕಳಿಸಿಯಾರು. ಅದಕ್ಕೇ ನಿಮ್ಮ ಮುಂದೆ ಬಂದು ಕೂತಿದ್ದೇನೆ. ನಗುವುದಾದರೆ ನಗಿ. ಆದರೆ ನನ್ನ ಸಿಟ್ಟು ನ್ಯಾಯವಾದದ್ದು ಎಂದು ಮಾತ್ರ ಒಪ್ಪಿಕೊಳ್ಳಿ.

ನಾನು ಕೊಲ್ಲಾಪುರದ ಹತ್ತಿರದ ಇಚಲಕರಂಜಿಯವನು. ಪಕ್ಕದ ಕಬನೂರಿನಲ್ಲಿ ನನ್ನದೊಂದು ಶೆಡ್ಡು, ಅದರೊಳಗೆ ಹನ್ನೆರಡು ಪವರ್‌ಲೂಮ್. ಅವುಗಳ ಖಟಖಟದಲ್ಲಿ ಮೂವತ್ತು ವರ್ಷ ಕಳೆದವನಿಗೆ ಸಂಗೀತದ ಹುಚ್ಚು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಹುಚ್ಚು ಮೊದಲು ಬಂದದ್ದು, ಮಗ್ಗ ಆಮೇಲೆ. ಗಡಹಿಂಗ್ಲಜದಲ್ಲಿ ಕಾಲೇಜು ಓದುವಾಗ ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದೆ. ಯಾರೋ ಬಾರಿಸಿ, ಬೇಸತ್ತು ಮಾರಿದ್ದ ಗಿಟಾರು ಅದು. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು, ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು. ವೇದಿಕೆ ಹತ್ತುವಾಗ ನಾಚಿಕೆಯಾಗಿ, ಗುಲಾಬಿ ಹೂವಿನ ಸ್ಟಿಕರ್ ಅಂಟಿಸಿ ಅದರ ಮಾನ ಮುಚ್ಚುತ್ತಿದ್ದೆ. ಮದುವೆಯಾದ ಮೇಲೆ ಬೇರೆಯವರ ಮದುವೆಗಳಲ್ಲಿ ಬಾರಿಸುವುದು ನಿಂತಿತು. ಗಿಟಾರೂ ಕೈಬಿಟ್ಟಿತು.

ಈಗ ಕಂಪನಿಗಳು ಏನು ಮಾಡಿವೆ ಕೇಳಿ. ನಮ್ಮ ಅಪ್ಪಂದಿರ ಕಾಲದ ಎಲೆಕ್ಟ್ರಿಕ್ ಗಿಟಾರಿನ ಮಾದರಿಯನ್ನು ಹುಡುಕಿ ಅದೇ ಅಳತೆಯಲ್ಲಿ ಹೊಸದು ಮಾಡುತ್ತವೆ. ಅಲ್ಲಿಗೆ ಬಿಟ್ಟರೆ ನನ್ನ ತಕರಾರಿಲ್ಲ. ಆ ಹೊಸ ಗಿಟಾರನ್ನು ಒಬ್ಬ ಕುಶಲಕರ್ಮಿಯ ಕೈಗೆ ಕೊಡುತ್ತವೆ. ಅವನು ಪಾಲಿಶ್ ಪೇಪರ್ ಹಿಡಿದು ಬಣ್ಣ ಕೆರೆಯುತ್ತಾನೆ, ಬೀಗದಕೈ ಗೊಂಚಲಿನಿಂದ ಬಡಿಯುತ್ತಾನೆ, ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತಾನೆ, ಕೊನೆಗೆ ಸಿಗರೇಟಿನಿಂದ ಗಿಟಾರಿನ ತಲೆಯ ಹತ್ತಿರ ಒಂದು ಕಡೆ ಸುಡುತ್ತಾನೆ. ಇದಕ್ಕೆ ಲಿಮಿಟೆಡ್ ಎಡಿಷನ್ ಎಂದು ಹೆಸರು. ಇಂಥ ಇಷ್ಟೇ ಗಿಟಾರು ಹಾಳು ಮಾಡಿದ್ದೇವೆ, ಅದರಲ್ಲಿ ನಿಮ್ಮದು ಇಷ್ಟನೆಯದು ಎಂದು ಒಂದು ಪ್ರಮಾಣಪತ್ರ ಬೇರೆ. ಕೊಲ್ಲಾಪುರದ ಚಪ್ಪಲಿ ಅಂಗಡಿಗೆ ಹೋಗಿ, "ಹಿಮ್ಮಡಿ ಸವೆದು, ಉಂಗುಟ ಹರಿದ ಜೋಡು ತೋರಿಸ್ರಿ, ಹೊಸದಕ್ಕಿಂತ ನಾಲ್ಕು ಪಟ್ಟು ಕೊಡ್ತೇನಿ" ಎಂದು ಕೇಳಿ ನೋಡಿ. ಅಂಗಡಿಯವನು ನಿಮ್ಮನ್ನು ಕೂಡಿಸಿ, ಮನೆಯವರ ಫೋನ್ ನಂಬರ್ ಕೇಳುತ್ತಾನೆ.

ನನ್ನ ಕಸುಬನ್ನೇ ನೋಡಿ. ನಾನು ನೇಯಿಸಿದ ಬಟ್ಟೆಯನ್ನು ವ್ಯಾಪಾರಿಯ ಕಡೆಯವನು ಮೇಜಿನ ಮೇಲೆ ಹರಡಿ, ಹಾವು ಹುಡುಕುವವನಂತೆ ಹುಡುಕುತ್ತಾನೆ. ಒಂದು ಎಳೆ ತಪ್ಪಿದ್ದರೆ ಸಾಕು, "ಡ್ಯಾಮೇಜ್ ಐತ್ರಿ" ಎಂದು ಇಡೀ ಬಟ್ಟೆಯ ಥಾನನ್ನೇ ಪಕ್ಕಕ್ಕೆ ತಳ್ಳುತ್ತಾನೆ. ಅವನ ಮುಂದೆ, "ಇದು ಡ್ಯಾಮೇಜ್ ಅಲ್ಲಪ್ಪಾ, ಲಿಮಿಟೆಡ್ ಎಡಿಷನ್" ಎಂದು ಹೇಳುವ ಧೈರ್ಯ ನನಗೆ ಈ ಜನ್ಮದಲ್ಲಿ ಬಂದೀತೆ? ಡ್ಯಾಮೇಜ್ ಆಗದಂತೆ ಕಾಯುವುದೇ ನನ್ನ ಅನ್ನ.

ಇಷ್ಟೆಲ್ಲ ತಿಳಿದವನು ಅಂಥದ್ದೊಂದು ಗಿಟಾರನ್ನು ಯಾಕೆ ಕೊಂಡೆ? ಹೇಳುತ್ತೇನೆ, ಮುಚ್ಚುಮರೆ ಏನು. ನೂಲಿನ ಕೆಲಸಕ್ಕೆ ಕೊಲ್ಲಾಪುರಕ್ಕೆ ಹೋದಾಗ ಒಂದು ಅಂಗಡಿಯ ಗಾಜಿನ ಹಿಂದೆ ಅದು ತೂಗಾಡುತ್ತಿತ್ತು. ಅಂಗಡಿಯವನು ನನ್ನ ಕೊರಳಿಗೆ ಹಾಕಿ ಕನ್ನಡಿಯ ಮುಂದೆ ನಿಲ್ಲಿಸಿ, "ಸಾಹೇಬ, ಹೀ ಗಿಟಾರ್ ನಾಹೀ, ಇತಿಹಾಸ ಆಹೇ" ಎಂದ. ಗಿಟಾರಲ್ಲವಂತೆ, ಇತಿಹಾಸವಂತೆ. ಕನ್ನಡಿಯಲ್ಲಿ ನಿಂತಿದ್ದವನು ಪವರ್‌ಲೂಮ್ ಮಾಲಕನಲ್ಲ. ಊರೂರು ಅಲೆದು, ಸಾವಿರ ವೇದಿಕೆ ಹತ್ತಿಳಿದು, ಮೊಣಕೈ ತಾಗಿ ತಾಗಿ ಗಿಟಾರಿನ ಬಣ್ಣ ಸವೆಸಿದ ಒಬ್ಬ ಕಲಾವಿದ. ನಾನು ಬಾರಿಸದೇ ಕಳೆದ ಮೂವತ್ತು ವರ್ಷಗಳನ್ನು ಯಾರೋ ಪುಣ್ಯಾತ್ಮ ನನ್ನ ಪರವಾಗಿ ಬಾರಿಸಿಟ್ಟಿದ್ದ. ಅದನ್ನು ಅಲ್ಲೇ ಬಿಟ್ಟು ಬರಲು ನನ್ನಿಂದ ಆಗಲಿಲ್ಲ.

ಮನೆಯಲ್ಲಿ ಪೆಟ್ಟಿಗೆ ತೆರೆದಾಗ ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು. ಸುಟ್ಟ ಕಲೆಯ ಮೇಲೆ ಬೆರಳಿಟ್ಟು, "ಯಪ್ಪಾ, ಇಲ್ಲಿ ಯಾರೋ ಬೀಡಿ ಇಟ್ಟಾರಲ್ಲೋ! ಸೇದೋರ ಮನಿ ಸಾಮಾನ ಯಾಕ ತಂದಿ?" ಎಂದಳು.

"ಇಲ್ಲಬೇ, ಕಂಪನಿಯವರ ಸುಟ್ಟ ಕೊಟ್ಟಾರ" ಎಂದೆ.

"ಸುಟ್ಟಿದ್ದು ಅವರು, ರೊಕ್ಕಾ ಕೊಟ್ಟಿದ್ದು ನೀನು?"

ನಾನು ಪ್ರಮಾಣಪತ್ರ ತೆಗೆದು ಅವಳ ಮುಂದೆ ಹಿಡಿದೆ. ನನ್ನ ಹೆಂಡತಿ ಸುನಂದಾ ಅವ್ವನ ಹೆಗಲ ಮೇಲಿಂದ ಗೀರುಗಳನ್ನು ಒಂದೊಂದಾಗಿ ನೋಡಿದಳು. ನಾನು ಗಿಟಾರನ್ನು ಪೆಟ್ಟಿಗೆ ಸಮೇತ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ಗೂಟಕ್ಕೆ ತೂಗುಹಾಕಿದೆ. ಬಾರಿಸಲು ಮನಸ್ಸಿತ್ತು. ಆದರೆ ಬಾರಿಸುವಾಗ ನನ್ನ ಉಗುರು ತಾಗಿ ಗೀರು ಬಿದ್ದರೆ? ಅದು ಕಂಪನಿಯ ಗೀರಲ್ಲ, ಅದಕ್ಕೆ ಪ್ರಮಾಣಪತ್ರವಿಲ್ಲ, ಗಿಟಾರು ಕೆಟ್ಟಂತೆಯೇ. ವಾರಕ್ಕೊಮ್ಮೆ ಬಾಗಿಲು ತೆರೆದು ನೋಡಿ ಮತ್ತೆ ಮುಚ್ಚುತ್ತಿದ್ದೆ.

ಅಷ್ಟರಲ್ಲಿ ದಸರೆ ಬಂತು. ನಮ್ಮ ಕಡೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಮಗ್ಗದವರ ದೊಡ್ಡ ಹಬ್ಬ. ಆ ದಿನ ಮಗ್ಗ ನಿಲ್ಲಿಸಿ ವಿಭೂತಿ ಹಚ್ಚಿ, ಹೂ ಏರಿಸುತ್ತೇವೆ. ಅದಕ್ಕೂ ಮೊದಲು ಶೆಡ್ಡಿನ ಸಾಮಾನಿಗೆಲ್ಲ ತುಕ್ಕು ಕೆರೆದು ಎಣ್ಣೆ, ಬಣ್ಣ ಆಗಬೇಕು. ಹಳೆಯದಾಗಿ ಕಂಡ ಸಾಮಾನು ಪೂಜೆಗೆ ಕೂರುವಂತಿಲ್ಲ. ಈ ಕೆಲಸಕ್ಕೆ ಪ್ರತಿ ವರ್ಷ ಬರುವವನು ದಗಡೂ ಪೇಂಟರ್. ಹಬ್ಬದ ಮುಂಜಾನೆ ನಾನು ಶೆಡ್ಡಿಗೆ ಹೋದಾಗ ಹನ್ನೆರಡು ಮಗ್ಗಗಳೂ ಹಸಿರು ಆಯಿಲ್ ಪೇಂಟಿನಲ್ಲಿ ಮಿರಮಿರ ಮಿಂಚುತ್ತಿದ್ದವು. ಅವುಗಳ ಮುಂದೆ, ಮಣೆಯ ಮೇಲೆ, ಚೆಂಡುಹೂವಿನ ಮಾಲೆ ಹಾಕಿಕೊಂಡು, ಅದೇ ಹಸಿರಿನಲ್ಲಿ ನನ್ನ ಇತಿಹಾಸ ಕೂತಿತ್ತು.

ಒಂದು ಚಕ್ಕೆ ಉಳಿದಿರಲಿಲ್ಲ. ಬೀಡಿಯ ಕಲೆ ಇರಲಿಲ್ಲ. ಸ್ಕ್ರೂಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು. ಮಗ್ಗಗಳಿಗೆ ನಂಬರು ಬರೆಯುವ ಹಳದಿ ಬಣ್ಣದಲ್ಲಿ ಅದರ ಹೊಟ್ಟೆಯ ಮೇಲೆ ದೊಡ್ಡದಾಗಿ ಹದಿಮೂರು ಎಂದು ಬರೆದಿತ್ತು.

"ದಗಡೂ!" ಎಂದು ಕೂಗಿದೆ.

ಅವನು ಹೊಗಳಿಕೆಗೆ ಕಾದು ನಿಂತವನಂತೆ ಕೈ ಒರೆಸಿಕೊಳ್ಳುತ್ತ ಬಂದ. "ಹೆಂಗ ಆಗೇತ್ರಿ ಮಾಲಕ್ರ? ಭಾಳ ಖರಾಬ್ ಆಗಿತ್ರಿ. ಎರಡ ದಿನಾ ಪಾಲಿಶ್ ಪೇಪರ್ ತಿಕ್ಕೇನಿ. ಯಾವನೋ ಅಡ್ಡನಾಡಿ ಬೀಗದಕೈಲೇ ಬಡದಿದ್ದನ್ರಿ, ತಗ್ಗಿಗೆಲ್ಲಾ ಲಾಂಬಿ ಮೆತ್ತಿ ಮೆತ್ತಿ ಸಾಕಾತು."

"ನಂಬರ್ ಯಾಕ ಬರದಿ?"

"ಶೆಡ್ಡಿನ ಸಾಮಾನ ಅಂದಮ್ಯಾಲ ನಂಬರ್ ಬ್ಯಾಡೇನ್ರಿ? ವೈನ್ಯಾರ ಕೊಟ್ಟ ಕಳಿಸಿದ್ರು."

ವೈನಿ ಎಂದರೆ ಅತ್ತಿಗೆ, ನನ್ನ ಹೆಂಡತಿ. ಮನೆಗೆ ಬಂದು ಸುನಂದಾಳ ಮುಂದೆ ನಿಂತೆ. ಆಡಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವಳೇ ಮೊದಲು ಬಾಯಿಬಿಟ್ಟಳು. "ನೋಡಿದ್ರಿ? ಚಲೋ ಆಗೇತಿಲ್ಲ? ನೀವು ಮೋಸ ಹೋಗೀರಿ, ನಾಚಿಕಿ ಆಗಿ ಯಾರಿಗೂ ತೋರಸವಲ್ರಿ, ಕಪಾಟಿನ್ಯಾಗ ಇಟ್ಟ ಒಬ್ಬರ ನೋಡಿ ನೋಡಿ ಸಂಕಟ ಪಡಾಕತ್ತೀರಿ ಅಂತ ನನಗ ಗೊತ್ತಾಗಿತ್ರಿ. ಹಬ್ಬಕ್ಕರ ನಿಮ್ಮ ಸಾಮಾನ ಚಂದ ಕಾಣ್ಲಿ ಅಂತ ಮಾಡಿಸಿದೆ."

ಇಂಥ ಹೆಂಡತಿಯ ಮೇಲೆ ಹೇಗೆ ಸಿಟ್ಟಾಗುವುದು, ನೀವೇ ಹೇಳಿ. ನನ್ನ ಸಿಟ್ಟಿಗೆ ಕೂರಲು ಒಂದು ಜಾಗ ಸಿಗಲಿಲ್ಲ. ಕಂಪನಿ ದೂರ, ದಗಡೂ ನಿರಪರಾಧಿ, ಸುನಂದಾ ದೇವತೆ. ಕೊನೆಗೆ ಕಂಪನಿಯನ್ನೇ ಮನಸಾರೆ ಬೈದೆ. ಗಿಟಾರನ್ನು ಗಿಟಾರಿನ ಹಾಗೆ ಮಾಡಿದ್ದರೆ ಅದನ್ನು ರಿಪೇರಿಗೆ ಯಾರು ಕೊಡುತ್ತಿದ್ದರು?

ಆದರೆ ಒಂದು ಮಾತು. ಕಳೆದುಕೊಳ್ಳಲು ಇನ್ನೇನೂ ಉಳಿಯದ ಮೇಲೆ ಬೀಗ ಯಾತಕ್ಕೆ? ಅಂದು ಸಂಜೆಯೇ ಅದನ್ನು ಕೊರಳಿಗೆ ಹಾಕಿಕೊಂಡೆ. ಬೆರಳುಗಳು ಮೊಂಡಾಗಿದ್ದವು, ಎರಡು ವಾರ ಉರಿದವು. ಆದರೂ ದಿನಾ ಬಾರಿಸಿದೆ. ಅವ್ವ ತಾಳ ಹಾಕಿದಳು, ಸುನಂದಾ ಹಾಡಿದಳು. ಮಗ್ಗದ ಹಸಿರಿನ ಕೆಳಗೂ ನಾದ ಇತ್ತು. ನನಗೆ ನಿಜವಾಗಿ ಸಂತೋಷವಾಗಿತ್ತು.

ಮೊನ್ನೆ ಹೀಗೇ ಬಾರಿಸುತ್ತಿರುವಾಗ ನನ್ನ ಸೊಂಟದ ಬೆಲ್ಟಿನ ಬಕಲ್ ತಾಗಿ, ಹಿಂಬದಿಯಲ್ಲಿ ಬೆರಳುದ್ದದ ಗೀರು ಬಿತ್ತು. ನನ್ನ ಚೀರಾಟಕ್ಕೆ ಮನೆಮಂದಿಯೆಲ್ಲ ಓಡಿ ಬಂದರು. ಆಗಲೇ ದಗಡೂಗೆ ಫೋನ್ ಮಾಡಿ, ಹಸಿರು ಪೇಂಟ್ ತೆಗೆದುಕೊಂಡು ಇದ್ದ ಹಾಗೇ ಬಾ ಎಂದೆ.

"ಬಾರಿಸೋ ಸಾಮಾನ ಐತ್ರಿ ಮಾಲಕ್ರ, ಒಂದ ಗೀರ ಬೀಳೂದ. ಇರಲಿ ಬಿಡ್ರಿ" ಎಂದ ಅವನು.

ನನಗೆ ಕೆಟ್ಟ ಸಿಟ್ಟು ಬಂತು. "ಏನ್ ಮಾತಾಡ್ತಿಯೋ? ಮೈಮ್ಯಾಲ ಗೀರ ಇಟಗೊಂಡ ಗಿಟಾರ್ ಯಾವ ಮರ್ಯಾದಸ್ತ ಬಾರಸ್ತಾನ?" ಎಂದು ಕೂಗಿದೆ. ಸುನಂದಾ ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.