ಮೈಕಿನ ಮುಂದೆ ಕುಬಸ

ಐವತ್ತು ದಾಟಿದ ಗಂಡಸಿಗೆ ಹೊಸ ಯಂತ್ರವೊಂದನ್ನು ಕಲಿಯುವ ಹುಚ್ಚು ಹಿಡಿದರೆ ಮನೆಯವರು ಅದನ್ನು ಸಣ್ಣ ಜ್ವರದಂತೆ ಕಾಣುತ್ತಾರೆ. ಬೆಚ್ಚಗೆ ಮಲಗಿಸಿದರೆ ತಾನೇ ಇಳಿಯುತ್ತದೆ ಎಂದು ಕಾಯುತ್ತಾರೆ. ನನ್ನದು ಇಳಿಯಲಿಲ್ಲ. ನಾನು ಹಟಮಾರಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ನೀವು ನಂಬಲಾರಿರಿ. ಮರಾಠಿ ಸೀಮೆಯ ಗಡಿಯಲ್ಲಿರುವ ಉಮರ್ಗಾದ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿರುವ ನನಗೆ ಕಂಪ್ಯೂಟರ್ ಹೊಸದೇನಲ್ಲ. ಅದರಲ್ಲಿ ರಜೆಯ ಸುತ್ತೋಲೆ ಬಡಿದಿದ್ದೇನೆ, ಪ್ರಾಚಾರ್ಯರ ಭಾಷಣವನ್ನು ಅವರಿಗೇ ಗೊತ್ತಾಗದಂತೆ ಅರ್ಧಕ್ಕೆ ಇಳಿಸಿದ್ದೇನೆ. ಆದರೆ ಅದೇ ಪೆಟ್ಟಿಗೆಯೊಳಗೆ ಹಾಡು ಹಿಡಿಯಬಹುದು, ಹಿಡಿದದ್ದನ್ನು ಬಟ್ಟೆಯ ಹಾಗೆ ಒಗೆದು ಇಸ್ತ್ರಿ ಮಾಡಬಹುದು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಆ ಕೆಲಸಕ್ಕೆ ನನ್ನನ್ನು ಹಚ್ಚಿದವಳು ಮಗಳು ಅಶ್ವಿನಿ.

ಅವಳನ್ನು ನಿಲಂಗಾಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಸಿರು, ಏಳನೆಯ ತಿಂಗಳ ಕುಬಸ ಗೊತ್ತಾಯಿತು. ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ಉಡಿ ತುಂಬಿ, ಎದುರಿಗೆ ಕೂತು ಹೆಸರು ಹಿಡಿದು ಹಾಡಿದರೇ ನಮ್ಮಲ್ಲಿ ಕುಬಸ. ಹಾಡುವವರು ನನ್ನ ಅತ್ತೆ, ಎಂದರೆ ಅಶ್ವಿನಿಯ ಆಯಿ. ಅಜ್ಜಿಯನ್ನು ನಮ್ಮ ಕಡೆ ಆಯಿ ಎನ್ನುತ್ತೇವೆ. ನಮ್ಮ ಬಳಗದ ಯಾವ ಕುಬಸವೂ ಅವರ ಹಾಡಿಲ್ಲದೆ ಆದದ್ದಿಲ್ಲ. ಆದರೆ ಅತ್ತೆ ಈ ಸಲ ಮಾಕಣಿಯ ತಮ್ಮ ಮನೆಯ ಮೆಟ್ಟಿಲಲ್ಲಿ ಜಾರಿ, ಸೊಂಟಕ್ಕೆ ರಾಡು ಹಾಕಿಸಿಕೊಂಡು, ತುರೋರಿಯ ನಮ್ಮ ಮನೆಯ ಮಂಚದ ಮೇಲಿದ್ದರು. ನಾಲ್ಕು ಹೆಜ್ಜೆ ನಡೆಯಬಹುದು, ಗಾಡಿ ಹತ್ತುವಂತಿಲ್ಲ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಸುದ್ದಿ ತಿಳಿದ ಮಗಳು ಫೋನಿನಲ್ಲಿ ಬಿಕ್ಕಿದಳು. "ಅಪ್ಪಾ, ಇಲ್ಲಿ ಡೀಜೆ ತರಸ್ಲಾಕತ್ತಾರ. ಎಲ್ಲಾ ಅದ, ಆಯಿ ಹಾಡೊಂದೇ ಇಲ್ಲ. ಆಯಿ ದನಿ ಕೇಳದೇ ನಾ ಮಣಿ ಮ್ಯಾಲ ಹ್ಯಾಂಗ ಕೂಡ್ಲಿ?" ಮಗಳು ಅತ್ತರೆ ನನಗೆ ತಡೆಯುವುದಿಲ್ಲ. "ನೀ ಅಳಬ್ಯಾಡ, ಆಯಿ ದನಿ ನಾ ತರ್ತೀನಿ" ಎಂದು ಮಾತು ಕೊಟ್ಟೆ. ಹೇಗೆ ತರುವುದು ಎಂಬುದನ್ನು ಫೋನಿಟ್ಟ ಮೇಲೆ ಯೋಚಿಸಿದೆ.

ಮೊಬೈಲಿನಲ್ಲಿ ಹಿಡಿದರಾಯಿತಲ್ಲ ಎಂದು ನೀವು ಹೇಳುತ್ತೀರಿ. ನಾನೂ ಹಾಗೇ ಅಂದುಕೊಂಡು ಹೆಂಡತಿ ಕಾಶೀಬಾಯಿಯಿಂದ ಎರಡು ಸಾಲು ಹಾಡಿಸಿ ನೋಡಿದೆ. ನಮ್ಮ ಮನೆ ಹೆದ್ದಾರಿಯ ಮಗ್ಗುಲಿಗೇ ಇದೆ. ಕೇಳಿದರೆ ಅದರಲ್ಲಿ ಒಂದು ಲಾರಿ ಹಾಡುತ್ತಿತ್ತು, ಉಮರ್ಗಾ ಡಿಪೋದ ಬಸ್ಸೊಂದು ಹಿಮ್ಮೇಳದಲ್ಲಿ ಸೊಲ್ಲು ಹಿಡಿದಿತ್ತು. ಕಾಶೀಬಾಯಿ ದೂರದಲ್ಲೆಲ್ಲೋ ಡಬ್ಬಿಯೊಳಗೆ ಸಿಕ್ಕ ಇರುವೆಯಂತೆ ಗುಣುಗುಣು ಅನ್ನುತ್ತಿದ್ದಳು. ಬೀಗರ ಡೀಜೆಯ ಮುಂದೆ ಇದನ್ನು ಹಚ್ಚಿದರೆ ನನ್ನ ಮಾನ ಉಳಿಯುವುದಿಲ್ಲ. ಅಂದೇ ನಿರ್ಧಾರ ಮಾಡಿದೆ: ಕಂಪ್ಯೂಟರಿನಲ್ಲೇ, ಸರಿಯಾಗಿ, ಸ್ಟುಡಿಯೋದವರು ಹಿಡಿಯುವಂತೆ ಹಿಡಿಯಬೇಕು.

ಉದಗೀರಿಗೆ ಹೋದೆ. ಅಲ್ಲಿ ಹಾರ್ಮೋನಿಯಂ, ತಬಲಾ ರಿಪೇರಿ ಮಾಡುವ ಅಂಗಡಿಯವರು ಈಗ ಮೈಕು, ವೈರು ಕೂಡ ಇಟ್ಟಿದ್ದಾರೆ. ಅವರು ಒಂದು ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ, ಕಿವಿಗೆ ಹಾಕುವ ಹೆಡ್‌ಫೋನು ಕೈಗಿಟ್ಟು, "ಸಾಹೇಬ, ಏಕದಂ ಸ್ಟುಡಿಯೋ" ಎಂದರು. ಮನೆಗೆ ಬಂದು ಜೋಡಿಸಿ, ಪರೀಕ್ಷೆಗೆಂದು ನಾನೇ ಒಂದು ಭಜನೆ ಎತ್ತಿದೆ. ನಾನು ಹಾಡಿದ್ದನ್ನೆಲ್ಲ ಯಾರೋ ಅರೆಕ್ಷಣ ತಡೆದು ಅಣಕಿಸುತ್ತಿದ್ದರು. ಪಕ್ಕದ ಮನೆಯವರೇ ಇರಬೇಕೆಂದು ಎದ್ದುಹೋಗಿ ಕಾಂಪೌಂಡಿನ ಆಚೆ ಇಣುಕಿದೆ. ಅವರು ಪಾಪ, ತೊಗರಿ ಹಸನು ಮಾಡುತ್ತಿದ್ದರು. ದನಿ ಕಂಪ್ಯೂಟರಿನೊಳಗೆ ಹೋಗಿ ತಿರುಗಿ ಕಿವಿಗೆ ಬರುವಷ್ಟರಲ್ಲಿ ತಡವಾಗುತ್ತದೆ, ಅದಕ್ಕೊಂದು ಸೆಟ್ಟಿಂಗ್ ಇದೆ ಎಂದು ಮರುದಿನ ವಿಡಿಯೋ ನೋಡಿ ತಿಳಿದುಕೊಂಡೆ. ಅದನ್ನು ಸರಿಪಡಿಸಿದೆ. ಆಮೇಲೆ ಕೆಂಪು ದೀಪ ಹೊತ್ತದಂತೆ ದನಿಯ ಮಟ್ಟ ಇಡುವುದನ್ನು ಕಲಿತೆ. ಫ್ಯಾನು ನಿಲ್ಲಿಸಬೇಕು, ಫ್ರಿಜ್ಜು ನಿಲ್ಲಿಸಬೇಕು, ಕುಕ್ಕರು ಸೀಟಿ ಹೊಡೆಯಬಾರದು ಎಂದು ಕಲಿತೆ. ಇವನ್ನು ಹೆಂಡತಿಗೆ ಹೇಳಿ ಉಳಿಯುವುದನ್ನೂ ಕಲಿತೆ. ಲಾರಿಯ ಸದ್ದು ತಡೆಯಲು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಕೋಣೆಯ ಕಿಟಕಿಗೆ, ಗೋಡೆಗೆ ನೇತುಹಾಕಿದೆ. ಮುಗಿದಾಗ ಕೋಣೆ ಥೇಟ್ ಬಾಣಂತಿಯ ಕೋಣೆಯಾಗಿತ್ತು. ಓಣಿಯ ಹೆಂಗಸರು ಬಾಗಿಲಿನಿಂದ ಹಣಿಕಿ ಹಾಕಿ, ಕಾಶೀಬಾಯಿಯ ಹೊಟ್ಟೆಯ ಕಡೆ ನೋಡಿ, ಏನೂ ಕೇಳದೆ ಹೋದರು.

ಭಾನುವಾರ ಮಧ್ಯಾಹ್ನ ಊರು ಉಂಡು ಮಲಗಿದ ಹೊತ್ತಿನಲ್ಲಿ ಅತ್ತೆಯನ್ನು ಕುರ್ಚಿಗೆ ಕೂರಿಸಿ ಕೋಲಿಗೆ ಸಿಕ್ಕಿಸಿದ ಮೈಕು ಮುಂದಿಟ್ಟೆ. ತಾಳಕ್ಕೆ ಇರಲಿ ಎಂದು ಕಂಪ್ಯೂಟರಿನ ಟಿಕ್ ಟಿಕ್ ಸದ್ದು ಹಚ್ಚಿದೆ. ಅತ್ತೆ ಚಿಟಿಕೆ ಹೊಡೆದು "ಶಿವ ಶಿವಾ, ಹಲ್ಲಿ ನುಡೀತು, ಚಲೋ ಆತು" ಎಂದರು. ಅದು ಮತ್ತೆ ನುಡಿಯಿತು, ಮತ್ತೆ ಚಿಟಿಕೆ. ನಿಲ್ಲದೆ ನುಡಿಯಿತು. "ಕಾಶಿ, ಇಷ್ಟು ನುಡಿಯೋ ಹಲ್ಲಿ ನಾ ಎಲ್ಲೂ ನೋಡಿಲ್ಲವ್ವ. ಇದು ಶಕುನ ಅಲ್ಲ, ಇದಕ್ಕೇನೋ ಆಗ್ಯದ." ಟಿಕ್ ಟಿಕ್ ಬಂದ್ ಮಾಡಿದೆ. ಅತ್ತೆ ಆದರೂ ಹಾಡಲಿಲ್ಲ. ಕೋಣೆಯನ್ನೆಲ್ಲ ಒಮ್ಮೆ ನೋಡಿ, "ಮಣಿ ಎಲ್ಲದ? ಮಣಿ ಮ್ಯಾಲ ಯಾರು ಕೂಡ್ತಾರ?" ಎಂದು ಕಾಶೀಬಾಯಿಯನ್ನು ಕೇಳಿದರು.

ಯಾರೂ ಕೂಡುವುದಿಲ್ಲ, ಇದರ ಮುಂದೆ ಹಾಡಿದರೆ ಸಾಕು, ಅಶ್ವಿನಿಗೆ ಮುಟ್ಟುತ್ತದೆ ಎಂದು ವಿವರಿಸಿದೆ. ಅತ್ತೆ ಸೆರಗನ್ನು ಇನ್ನೊಂದಿಷ್ಟು ಮುಂದಕ್ಕೆ ಎಳೆದುಕೊಂಡರು. ಅಳಿಯನ ಮುಂದೆ ಅವರು ಮೋರೆ ಎತ್ತಿ ಮಾತಾಡುವವರಲ್ಲ, ನನ್ನ ಹೆಸರಂತೂ ಮದುವೆಯಾದಾಗಿನಿಂದ ಅವರ ಬಾಯಲ್ಲಿ ಬಂದಿಲ್ಲ. ಅತ್ತೆಯಾದವಳು ಅಳಿಯನ ಹೆಸರು ಹಿಡಿಯಬಾರದು ಎಂಬುದು ಅವರ ನೇಮ. ಹೀಗಾಗಿ ನನಗೆ ಹೇಳಬೇಕಾದ್ದನ್ನು ಕಾಶೀಬಾಯಿಗೆ ಹೇಳಿದರು. "ಅಳ್ಯಾರಿಗೆ ಹೇಳವ್ವ, ಇದು ಕುಬಸದ ಹಾಡು. ಎದುರಿಗೆ ಕುಂತಾಕಿ ಮಾರಿ ನೋಡಿ ಕಟ್ಟಬೇಕು. ಖಾಲಿ ಮಣಿಗೆ ಹಾಡಿದ್ರ ಹುಡುಗಿಗೆ ಒಳ್ಳೇದಲ್ಲ. ಕೋಲಿನ ಉಡಿ ಯಾರರ ತುಂಬ್ತಾರೇನು?"

ಬಸುರಿಗೆ ಒಳ್ಳೆಯದಲ್ಲ ಎಂದ ಮೇಲೆ ವಾದವಿಲ್ಲ. "ಕಾಶಿ, ನೀನೇ ಕೂಡು" ಎಂದೆ. ಅವಳು ಹಾವು ತುಳಿದವಳಂತೆ ಹಿಂದೆ ಸರಿದಳು. "ನಾ ಕೂಡಂಗಿಲ್ರಿ. ಕೌದಿ ಕಟ್ಟಿದ್ದು ನೋಡೇ ಓಣ್ಯಾಗ ಒಂದು ಥರಾ ನೋಡ್ಲಾಕತ್ತಾರ. ಮ್ಯಾಲ ಕುಬಸದ ಹಾಡು ಕೇಳಿ ಬಂದು ನೋಡಿ, ಮಣಿ ಮ್ಯಾಲ ನಾ ಇದ್ರ ಈ ವಯಸ್ಸಿನ್ಯಾಗ ತಲಿ ಎತ್ತಿ ತಿರಗೋದು ಹ್ಯಾಂಗ? ನೀವೇ ಕೂಡ್ರಿ. ನಿಮ್ಮ ಮ್ಯಾಲ ಯಾರಿಗೂ ಸಂಶಯ ಬರಲ್ಲ. ಹೊಟ್ಟೀನೂ ಅದ." ಮಗಳಿಗೆ ಮಾತು ಕೊಟ್ಟಿದ್ದೆ. ಕಿವಿಗೆ ಹೆಡ್‌ಫೋನು ಏರಿಸಿ, ಒಂದು ಕೈಯನ್ನು ಮೌಸಿನ ಮೇಲಿಟ್ಟು, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಕಾಶೀಬಾಯಿ ನನ್ನ ಹೆಗಲಿಗೆ ಹಸಿರು ಸೆಲ್ಲೆ ಹೊದಿಸಿ, ಉಡಿಗೆ ಕೊಬ್ಬರಿ, ಉತ್ತತ್ತಿ, ಅಕ್ಕಿ ಹಾಕಿದಳು. ಅವಳು ನಗು ತಡೆಯುತ್ತಿದ್ದಳು, ಅತ್ತೆ ಮಾತ್ರ ನಗಲಿಲ್ಲ. ಸೆರಗು ಹಿಂದಕ್ಕೆ ಸರಿಸಿ, ಮೊದಲ ಸಲ ನನ್ನ ಮೋರೆಯನ್ನು ನೇರವಾಗಿ ನೋಡಿ ಹಾಡು ಎತ್ತಿದರು.

"ಹಸುರ ಹೊದ್ದು ಹಸಿಮಣಿ ಮ್ಯಾಲ ಕುಂತಾಳ, ಹೊಸಲೀಗಿ ಕಣ್ಣ ಹಚ್ಚ್ಯಾಳ, ನಮ್ಮ ಶರಣಪ್ಪ, ತವರವರ ದಾರಿ ನೋಡ್ಯಾಳ."

ಶರಣಪ್ಪ ಎಂದರೆ ನಾನು. ಒಂದು ಕ್ಷಣ ಹೆಡ್‌ಫೋನು ಕೆಟ್ಟಿತೆಂದುಕೊಂಡೆ. ಕೈ ಎತ್ತಿ ನಿಲ್ಲಿಸಹೋದರೆ ಕಾಶೀಬಾಯಿ ಬಾಗಿಲಿನಿಂದ ಕಣ್ಣು ಕೆಕ್ಕರಿಸಿದಳು. ಉಡಿ ತುಂಬಿದ ಮೇಲೆ ಎತ್ತಿದ ಹಾಡನ್ನು ನಡುವೆ ಮುರಿಯುವಂತಿಲ್ಲ. ಅತ್ತೆ ಮುಂದುವರಿದರು. ಬಸುರಿಯ ಬಯಕೆಗಳನ್ನು ಹೇಳುವ ಭಾಗ ಬಂತು. ಅದನ್ನು ಮಣೆಯ ಮೇಲಿನವರನ್ನು ನೋಡಿಯೇ ಕಟ್ಟುವುದಲ್ಲವೇ, ಮಂಚದ ಮೇಲೆ ಮಲಗಿ ನಮ್ಮ ಮನೆಯ ಎಲ್ಲ ಗುಟ್ಟನ್ನೂ ಅವರು ಕಂಡಿದ್ದರು. "ಹುಣಸಿ ಒಲ್ಲೆಂತಾಳ, ಮಾವು ಒಲ್ಲೆಂತಾಳ, ಯೆಣೆಗೂರ ಢಾಬಾದ ಭಜಿ ಬೇಡ್ಯಾಳ, ಶರಣಪ್ಪ, ಕಾಶೀಗಿ ಕದ್ದು ತಿಂದಾಳ." ನನಗೆ ಸಕ್ಕರೆ ಕಾಯಿಲೆ, ಎಣ್ಣೆಯದು ವರ್ಜ್ಯ. ಬಾಗಿಲಲ್ಲಿ ನಗು ನಿಂತುಹೋಯಿತು. ನಾನು ಮೌಸಿನ ಮೇಲೆ ಕೈಯಿಟ್ಟು ತಲೆ ತಗ್ಗಿಸಿದೆ. ನಾಚಿದ ಬಸುರಿ ಅದಕ್ಕಿಂತ ಚೆನ್ನಾಗಿ ಕೂತಿರಲಾರಳು.

ಎಲ್ಲ ಆದ ಮೇಲೆ ಅತ್ತೆ ಕುರ್ಚಿಯಲ್ಲೇ ಮೆಲ್ಲಗೆ ತಿರುಗಿ, "ಈಗ ಈ ಕೋಲಿಗೆ ಹೇಳ್ತೀನಿ" ಎಂದು ಮೈಕಿಗೆ ಮೋರೆ ಕೊಟ್ಟರು. "ಬರಬೇಕಂದ್ರ ಕಾಲಿಲ್ಲ, ಇರಬೇಕಂದ್ರ ಮನಸಿಲ್ಲ, ದನಿಯೊಂದ ಕಳುವೀನಿ ನಿನ್ನ ಬಲ್ಲಿ, ಅಶ್ವಿನಿ, ಹಡದವ್ವನ ಹಡದಾಕಿ ಹರಸ್ಯಾಳ." ಹೆಡ್‌ಫೋನಿನಲ್ಲಿ ಆ ದನಿ ನನ್ನ ಎರಡೂ ಕಿವಿಯ ನಡುವೆ, ತಲೆಯೊಳಗೇ ಹಾಡಿದಂತಿತ್ತು. ನನಗೆ ಅಳು ಬಂತು. ಲಾರಿಯೂ ಬರಲಿಲ್ಲ, ಬಸ್ಸೂ ಬರಲಿಲ್ಲ, ಕೆಂಪು ದೀಪವೂ ಹೊತ್ತಲಿಲ್ಲ.

ಇನ್ನೊಮ್ಮೆ, ಅಶ್ವಿನಿಯ ಹೆಸರಿನಲ್ಲೇ ಪೂರ್ತಿ ಹಾಡಿ ಎಂದರೆ ಅತ್ತೆ ಒಪ್ಪಲಿಲ್ಲ. ತುಂಬಿದ ಉಡಿಯನ್ನು ಮತ್ತೆ ತುಂಬುವುದುಂಟೇ? ಬೇರೆಯವರ ಮೋರೆ ನೋಡಿ ಹುಡುಗಿಯ ಹೆಸರು ಹಿಡಿದು ಹಾಡಿದರೆ ದೃಷ್ಟಿಯಾಗುತ್ತದಂತೆ. ಸರಿ, ಕತ್ತರಿಸಿ ಅಂಟಿಸುವ ವಿದ್ಯೆಗೆ ಕೈಹಾಕಿದೆ. "ಅಶ್ವಿನಿ" ಎಂದು ಒಂದು ಸಲ ಸುಮ್ಮನೆ ಹೇಳಿಸಿಕೊಂಡು, ಶರಣಪ್ಪನನ್ನು ತೆಗೆದು ಅಲ್ಲಿ ಅದನ್ನು ಕೂರಿಸಿದೆ. ಹಾಡಿನ ನಡುವೆ ಬಸ್‌ಸ್ಟ್ಯಾಂಡಿನ ಘೋಷಣೆ ಬಂದಂತಾಯಿತು. ಶರಣಪ್ಪ ಇರುವ ಸಾಲುಗಳನ್ನೆಲ್ಲ ತೆಗೆದು ನೋಡಿದೆ. ಒಂದು ಬಳೆಯ ಸದ್ದು, ಒಂದು ಕೆಮ್ಮು ಮತ್ತು ಕೊನೆಯ ನುಡಿ ಉಳಿಯಿತು. ಆ ಕೊನೆಯ ನುಡಿಯೇ ಸಾಕೆಂದು ನನ್ನನ್ನು ನಾನು ಒಪ್ಪಿಸಿಕೊಂಡೆ. ಪೆನ್‌ಡ್ರೈವಿನಲ್ಲಿ ಪೂರ್ತಿ ಹಾಡೂ ಇತ್ತು, ಆದರೆ ಅದನ್ನು ಬೀಗರ ಎದುರು ಹಚ್ಚುವ ಎದೆ ನನಗಿರಲಿಲ್ಲ.

ನಿಲಂಗಾದಲ್ಲಿ ಬೀಗಿತ್ತಿ "ಯಾ ಯಾ, ಬಸಾ" ಎಂದು ಎಂದಿನಂತೆ ಮರಾಠಿಯಲ್ಲೇ ಬರಮಾಡಿಕೊಂಡರು. ಅವರ ಮನೆಯಲ್ಲಿ ಕನ್ನಡ ಕೇಳಿದ್ದು ನನಗೆ ನೆನಪಿಲ್ಲ. ಅಶ್ವಿನಿ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಡೀಜೆಯವನಿಗೆ ಹೇಳಿ ಕೊನೆಯ ನುಡಿ ಹಚ್ಚಿಸಿದೆ. ಬೀರುವಿನಷ್ಟು ದೊಡ್ಡ ಡಬ್ಬಗಳಿಂದ ಅತ್ತೆಯ ದನಿ ಮಂಟಪ ತುಂಬಿತು. ಉಸಿರು ಬಿಡುವುದರೊಳಗೆ ಮುಗಿಯಿತು. ಅಶ್ವಿನಿ ಇನ್ನೂ ಕಿವಿ ಕೊಟ್ಟು ಕಾಯುತ್ತಿದ್ದಳು. ಆಮೇಲೆ ಅವಳ ಮೋರೆ ಸಣ್ಣದಾಯಿತು. "ಇಷ್ಟ ಏನಪ್ಪಾ? ಆಯಿಗೆ ಇಷ್ಟೇ ಹಾಡ್ಲಾಕ ಆತೇನು? ಅಷ್ಟು ಸೋತಾಳೇನು?"

ಆ ಮಾತು ನನಗೆ ತಡೆಯಲಾಗಲಿಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಅತ್ತೆಯನ್ನು ಸೋಲಿಸಿದ್ದೆ. "ಇಲ್ಲವ್ವ, ಇನ್ನಾ ಅದ" ಎಂದು, ಪೂರ್ತಿ ಹಾಡು ಹಚ್ಚಿಸಿ, ಕಂಬದ ಮರೆಗೆ ನಿಂತೆ. ಮೊದಲ ಶರಣಪ್ಪ ಬಂದಾಗ ಯಾರಿಗೂ ತಿಳಿಯಲಿಲ್ಲ. ಢಾಬಾದ ಭಜಿ ಬಂದಾಗ ಮೊದಲು ನಕ್ಕವರು ಬೀಗಿತ್ತಿ, ಅದೂ ಸೆರಗು ಬಾಯಿಗೆ ಒತ್ತಿಕೊಂಡು. "ಅಯ್ಯ ನಮ್ಮವ್ವ! ನನ್ನ ತವರು ಕನ್ನಡ ಸೀಮಿ, ಔರಾದ ಕಡಿ ರೀ. ಲಗ್ನ ಆಗಿ ಬಂದ ಮ್ಯಾಲ ಈ ಹಾಡು ಕೇಳೇ ಇಲ್ಲ" ಎಂದು, ಆ ಮನೆಯಲ್ಲಿ ಎಷ್ಟೋ ಕಾಲ ಆಡದ ಕನ್ನಡದಲ್ಲಿ ಹೇಳುತ್ತ, ಅತ್ತೆಯ ದನಿಗೆ ತಾವೇ ಸೊಲ್ಲು ಹಿಡಿದರು. ಬಲ್ಲವರು ಬಲ್ಲಷ್ಟು ಕೂಡಿಕೊಂಡರು. ಅಶ್ವಿನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು, ನಗುತ್ತಲೇ ಅತ್ತಳು, "ನಮ್ಮ ಆಯಿ, ಅಂದ್ರ ಆಯಿನೇ" ಎಂದಳು. ಕಂಬದ ಮರೆಯಿಂದ ನನ್ನನ್ನು ಎಳೆತಂದು ಮಗಳ ಮಗ್ಗುಲಲ್ಲೇ ಕೂರಿಸಿದರು. ನಾನು ಕೂತೆ, ಈಗಂತೂ ಅದು ರೂಢಿಯಾಗಿತ್ತು.

ತಿರುಗಿ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಸೆರಗು ಮುಂದಕ್ಕೆಳೆದುಕೊಂಡು, "ಕಾಶಿ, ಅಳ್ಯಾರಿಗೆ ಚಹಾ ಕೊಡವ್ವ" ಎಂದರು, ಅಷ್ಟೇ. ಶರಣಪ್ಪ ಎಂಬ ಹೆಸರು ಅವರ ಬಾಯಿಂದ ಮತ್ತೆ ಬಂದಿಲ್ಲ, ಬರುವಂತೆಯೂ ಇಲ್ಲ. ನನ್ನ ಅವ್ವ ಹೋದ ಮೇಲೆ ನನ್ನನ್ನು ಹಾಗೆ, ಅಕ್ಕರೆಯಿಂದ, ಬರೀ ಹೆಸರು ಹಿಡಿದು ಕರೆದವರು ಬೇರೆ ಯಾರೂ ಇಲ್ಲ. ಆದ್ದರಿಂದ ಈಗಲೂ ಕಚೇರಿಯಿಂದ ಬಂದ ಸಂಜೆ ಕೌದಿಯ ಕೋಣೆಗೆ ಹೋಗಿ, ಹೆಡ್‌ಫೋನು ಹಾಕಿಕೊಂಡು ಸ್ವಲ್ಪ ಹೊತ್ತು ಕೂರುತ್ತೇನೆ. ಕುಬಸ ಮುಗಿದರೂ ಇನ್ನೂ ಏನು ಮಾಡುತ್ತೀರಿ ಎಂದು ಕಾಶೀಬಾಯಿ ಕೇಳಿದರೆ, ಮಿಕ್ಸಿಂಗ್ ಬಾಕಿ ಇದೆ ಎನ್ನುತ್ತೇನೆ.